ಸೊನ್ನೆಯಪ್ಪನ ಹೆಬ್ಬೆರಳು

ಅಲ್ಲಾಡಬೇಡಿ ಎಂದು ಯಾರಾದರೂ ಹೇಳಿದ ಮೇಲೆಯೇ ಮನುಷ್ಯನಿಗೆ ಮೈಯೆಲ್ಲ ತುರಿಕೆ ಹತ್ತುವುದು. ಉಕ್ಕಿನ ಕೋಣೆಯ ನಡುವೆ, ಬೆನ್ನಿಗೆ ಕೊರೆಯುವ ಮಂಚದ ಮೇಲೆ ಅಂಗಾತ ಮಲಗಿದ್ದ ಅವನಿಗೆ ಮೊದಲು ಮೂಗಿನ ತುದಿ ತುರಿಸಿತು, ಆಮೇಲೆ ಎಡಗಿವಿಯ ಹಿಂದೆ, ಆಮೇಲೆ ನಾಲ್ಕು ಜನರೆದುರು ಕೆರೆದುಕೊಳ್ಳಲಾಗದ ಜಾಗದಲ್ಲಿ. ಬೆಳಿಗ್ಗೆ ಎದ್ದು ಗಡ್ಡ ಹೆರೆದು, ತಲೆಗೆ ಸ್ನಾನ ಮಾಡಿ, ಒಗೆದ ಬನಿಯನ್ನು ಹಾಕಿಕೊಂಡು ಮದುವೆಗೆ ಹೊರಟವನ ಹಾಗೆ ಬಂದಿದ್ದ. ಬಂದ ಮೇಲೆ ಆ ಬನಿಯನ್ನೂ ಬಿಚ್ಚಿಸಿ, ಗಡಿಯಾರ, ಉಂಗುರ, ಕನ್ನಡಕ ಎಲ್ಲ ತೆಗೆಸಿ, ಬೆನ್ನಿಗೆ ಲಾಡಿ ಕಟ್ಟುವ ಕಾಗದದಂಥ ಅಂಗಿ ತೊಡಿಸಿ ಮಲಗಿಸಿದ್ದರು. ಬಾಗಿಲು ಗೇಣು ದಪ್ಪ. ಅದು ಅಂತಿಂಥ ಉಕ್ಕಲ್ಲವಂತೆ. ಲೋಕದಲ್ಲಿ ಮೊದಲ ಅಣುಬಾಂಬು ಸಿಡಿಯುವ ಮುಂಚೆಯೇ ಎರಕ ಹೊಯ್ದು, ಹಡಗಾಗಿ, ಮುಳುಗಿ, ಸಮುದ್ರದ ತಳದಲ್ಲಿ ಬಿದ್ದಿದ್ದದ್ದನ್ನು ಎತ್ತಿ ತಂದದ್ದಂತೆ. ಆಮೇಲಿನ ಉಕ್ಕಿನಲ್ಲೆಲ್ಲ ಬಾಂಬಿನ ಧೂಳು ಒಂದಿಷ್ಟಾದರೂ ಬೆರೆತುಹೋಗಿದೆ, ಅದು ತಾನೇ ಟಿಕ್ ಟಿಕ್ ಎನ್ನುತ್ತ ಒಳಗೆ ಮಲಗಿದವನ ಮೈಯ ಸದ್ದನ್ನು ಕೇಳಗೊಡುವುದಿಲ್ಲ. ಕೊಳೆ ಹತ್ತದ ಹಳೆಯ ಉಕ್ಕು, ಕೊಳೆ ಹತ್ತದ ಹಳೆಯ ಮನುಷ್ಯ, ಒಳ್ಳೇ ಜೋಡಿ ಎಂದುಕೊಂಡು ಅವನಿಗೆ ನಗು ಬಂತು. ಗೋಡೆಯ ಧ್ವನಿಪೆಟ್ಟಿಗೆಯಿಂದ, ಯಂತ್ರದ ಜೊತೆಗೇ ಬಂದಿದ್ದ ಎಂಜಿನಿಯರ್ ಹುಡುಗಿ, "ನಗ್ಬೇಡಿ ಸಾರ್, ಹೊಟ್ಟೆ ಅಲ್ಲಾಡುತ್ತೆ" ಅಂದಳು.

ಅವನನ್ನು ಅಣುಸ್ಥಾವರದಲ್ಲಿ ಎಲ್ಲರೂ ಕರೆಯುವುದು ಸೊನ್ನೆಯಪ್ಪ ಎಂದೇ. ಹೆತ್ತವರಿಟ್ಟ ಹೆಸರು ಒಂದು ಇತ್ತು, ಅದು ಯಾರ ಬಾಯಲ್ಲೂ ಉಳಿದಿರಲಿಲ್ಲ. ಅಡ್ಡಹೆಸರು ಇಟ್ಟವನು ಅವನ ಭಾವಮೈದ, ಅದೇ ಸ್ಥಾವರದ ವೆಲ್ಡರ್. ಹೆಸರಿಗೆ ಕಾರಣ ಅವನ ಕೆಲಸ. ಒಳಗೆ ದುಡಿಯುವವರೆಲ್ಲ ಎರಡು ದಿನ ರಜೆಯಲ್ಲಿದ್ದು, ಕೈಮೈ ತೊಳೆದು, ಮನೆಯಲ್ಲೇ ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನು ಬಾಟಲಿಗೆ ತುಂಬಿ ಗೇಟಿನ ಪೆಟ್ಟಿಗೆಯಲ್ಲಿ ಇಟ್ಟುಹೋಗಬೇಕು. ಅದನ್ನು ಆ್ಯಸಿಡ್ ಹಾಕಿ ಕುದಿಸಿ, ಬೆಳ್ಳಗಿನ ಉಪ್ಪಾಗುವ ತನಕ ಇಂಗಿಸಿ, ಅದರಲ್ಲಿರುವ, ಕಿರಣ ಸೂಸುವ ವಿಷಲೋಹವನ್ನಷ್ಟೇ ಬೇರೆ ಮಾಡಿ, ನಾಣ್ಯದಷ್ಟಗಲದ ತಟ್ಟೆಗೆ ಹಚ್ಚಿ ಎಣಿಕೆಯ ಯಂತ್ರದ ಕೆಳಗಿಡುವವನು ಇವನು. ಆದರೆ ಯಾವ ಯಂತ್ರವೂ ಸುಮ್ಮನಿರುವುದಿಲ್ಲ. ಏನೂ ಇಡದಿದ್ದರೂ ಆಗೊಂದು ಈಗೊಂದು ಟಿಕ್ ಎನ್ನುತ್ತದೆ. ಆದ್ದರಿಂದ, ಒಳಗೆ ಕಾಲಿಡದ ಒಬ್ಬ ಶುದ್ಧ ಮನುಷ್ಯನ ಮೂತ್ರವನ್ನೂ ಅದೇ ಬಗೆಯಲ್ಲಿ ಕುದಿಸಿ ಎಣಿಸಿ, ಅದನ್ನು ಸೊನ್ನೆ ಎಂದಿಟ್ಟುಕೊಂಡು, ಎಲ್ಲರ ಲೆಕ್ಕದಿಂದಲೂ ಅಷ್ಟನ್ನು ಕಳೆಯಬೇಕು. ಕಳೆದು ಉಳಿದದ್ದೇ ಆ ಕೆಲಸಗಾರನ ಮೈಯೊಳಗೆ ಸೇರಿದ್ದು. ಆ ಶುದ್ಧ ಮನುಷ್ಯ ಎಲ್ಲಿ ಸಿಗಬೇಕು? ಬೀದಿಯಲ್ಲಿ ಹೋಗುವವನನ್ನು ನಿಲ್ಲಿಸಿ ಸ್ವಾಮೀ ಒಂದು ಬಾಟಲಿ ಕೊಡಿ ಎಂದು ಕೇಳುವ ಹಾಗಿಲ್ಲ. ಹಾಗಾಗಿ ಮೊದಲಿನಿಂದಲೂ ಅದು ಇವನದೇ. ಮನೆಯಲ್ಲಿ ಬಚ್ಚಲ ಗೂಡಿನಲ್ಲಿ ಸೋಪಿನ ಪಕ್ಕಕ್ಕೆ ಇವನ ಬಾಟಲಿ ಇರುತ್ತಿತ್ತು. "ನಿಮ್ಮ ಉಚ್ಚೆಗಿರೋ ಮರ್ಯಾದೆ ನಿಮಗಿಲ್ಲ ಬಿಡಿ" ಎಂದು ಹೆಂಡತಿ ಅನ್ನುತ್ತಿದ್ದಳು. ಅವಳು ತಮಾಷೆಗೆ ಅಂದದ್ದು. ಇವನು ಅದನ್ನು ಒಳಗೊಳಗೇ ನಿಜವೆಂದು ನಂಬಿದ್ದ, ಅಷ್ಟಾದರೂ ಮರ್ಯಾದೆ ಇದೆಯಲ್ಲ ಎಂದುಕೊಂಡಿದ್ದ.

ಈಗ ಹೊಸ ಯಂತ್ರ. ಮೂತ್ರಗೀತ್ರ ಏನೂ ಬೇಡ. ಮನುಷ್ಯನನ್ನೇ ಮಲಗಿಸಿ ಮೈಯಿಂದ ಹೊರಡುವ ಕಿರಣಗಳನ್ನು ನೇರ ಎಣಿಸುತ್ತದೆ. ಅದಕ್ಕೂ ಮೊದಲು ಒಂದು ಸೊನ್ನೆ ಬೇಕು. ಇವನಲ್ಲದೆ ಇನ್ಯಾರು? ಮುಖ್ಯಸ್ಥರು ಬೆಳಿಗ್ಗೆ ಎಲ್ಲರೆದುರು ಬೆನ್ನು ತಟ್ಟಿ ಒಳಗೆ ಕಳಿಸಿದ್ದರು. ಕಿಟಕಿಯ ಗಾಜಿನಾಚೆ ಹುಡುಗಿ ಮೊದಲ ಎಣಿಕೆ ಮುಗಿಸಿದಳು. ಆಮೇಲೆ ಬಾಗಿಲು ತೆರೆಯಿತು. "ಸಾರ್, ಒಂಚೂರು ಕೈ ತೊಳ್ಕೊಂಡು ಬರ್ತೀರಾ?" ತೊಳೆದು ಬಂದು ಮಲಗಿದ. ಮತ್ತೆ ಬಾಗಿಲು ತೆರೆಯಿತು. "ಬ್ರಷ್ ಹಾಕಿ ತೊಳೀರಿ ಸಾರ್, ಉಗುರಿನ ಸಂದಿನಲ್ಲೂ." ಅವನಿಗೆ ಸಣ್ಣಗೆ ಅವಮಾನವಾಯಿತು, ಊಟಕ್ಕೆ ಕೂತವನನ್ನು ಕೈ ತೊಳೆದಿಲ್ಲ ಎಂದು ಎಬ್ಬಿಸಿದ ಹಾಗೆ. ಚರ್ಮ ಕೆಂಪಾಗುವಂತೆ ಉಜ್ಜಿಕೊಂಡು ಬಂದ. ಮೂರನೆಯ ಸಲ ಅವಳೇ ಒಳಗೆ ಬಂದು, ಅವನ ಬಲಗೈಯನ್ನು ಕಿರಣ ತಡೆಯುವ ಸೀಸದ ಹಾಳೆಯಲ್ಲಿ ಸುತ್ತಿ ಹೋದಳು. ಗಾಜಿನಾಚೆ ಅವಳ ಮುಖ ಪರದೆಯ ಮೇಲೆ ಬಗ್ಗಿದ್ದು ಕಂಡಿತು, ಕನ್ನಡಕವಿಲ್ಲದೆ ಮಸಕಾಗಿ. ಮತ್ತೆ ಬಂದು ಸೀಸ ಬಿಚ್ಚಿ, ಪೆನ್ನಿನಂಥದ್ದೊಂದು ಸಣ್ಣ ಯಂತ್ರವನ್ನು ಬೆರಳು ಬೆರಳಿಗೂ ಹಿಡಿಯುತ್ತ, ಹೆಬ್ಬೆರಳಿನ ಬುಡಕ್ಕೆ ಬಂದಾಗ ಅಲ್ಲೇ ನಿಂತಳು. ಅಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗಂಟು. ಯೋಚನೆ ಹತ್ತಿದಾಗೆಲ್ಲ ಅದನ್ನು ತೋರುಬೆರಳಿನಿಂದ ಹೊಸಕುವುದು ಅವನ ಚಾಳಿ. ಭಾವಮೈದ ಅದನ್ನು ಅಣಕಿಸಿ ಮನೆಯಲ್ಲಿ ನಗಿಸುತ್ತಿದ್ದ.

"ಸಾರ್, ಇಲ್ಲಿ ಯಾವಾಗ್ಲಾದ್ರೂ ಗಾಯ ಆಗಿತ್ತಾ?"

"ಇಲ್ಲ" ಅಂದ. ಪ್ರಶ್ನೆ ಮುಗಿಯುವ ಮೊದಲೇ ಅಂದಿದ್ದ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅಂದವನೇ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಹುಡುಗಿ ಅದನ್ನು ನೋಡಿದಳು, ನೋಡಿಯೂ ನೋಡದವಳಂತೆ ಯಂತ್ರದ ತಂತಿ ಸುತ್ತತೊಡಗಿದಳು.

ಗಾಯ ಆಗಿತ್ತು, ಎಷ್ಟೋ ವರ್ಷದ ಹಿಂದೆ. ಆವತ್ತು ದೊಡ್ಡವರೊಬ್ಬರು ಪ್ರಯೋಗಾಲಯ ನೋಡಲು ಬರುವುದಿತ್ತು. ಬಚ್ಚಲಿನಂಥ ತೊಟ್ಟಿಯ ತುಂಬ ತೊಳೆಯಬೇಕಾದ ಗಾಜು. ಅವಸರದಲ್ಲಿ ಕೈ ಹಾಕಿದ್ದ, ಒಡೆದ ಸೀಸೆಯ ಅಂಚು ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು. ತೊಟ್ಟಿಯಲ್ಲಿ ಎರಡು ಬಗೆಯ ಗಾಜು ಇತ್ತು: ಸುಮ್ಮನೆ ನೀರು ಕಂಡದ್ದು, ಮತ್ತು ಯಂತ್ರ ಸರಿಯಿದೆಯೇ ಎಂದು ನೋಡಲು ಬೇಕೆಂದೇ ಬೆರೆಸುವ ಅಳತೆಯ ವಿಷದ ದ್ರಾವಣ ಕಂಡದ್ದು. ಎರಡನ್ನೂ ಒಂದೇ ತೊಟ್ಟಿಗೆ ಹಾಕಬಾರದು ಎಂದು ಬೇರೆಯವರಿಗೆ ಬೈಯುತ್ತಿದ್ದವನು ಅವನೇ. ಕುಯ್ದದ್ದು ಯಾವುದು? ನೀರಿನದೇ ಇರಬೇಕು ಎಂದುಕೊಂಡ. ಇರಬೇಕು ಎಂದುಕೊಂಡ ಮೇಲೆ ಅದು ನೀರಿನದೇ ಆಯಿತು. ಹೇಳಿದರೆ ಗಾಯವನ್ನು ಕೆತ್ತುತ್ತಾರೆ, ತಿಂಗಳುಗಟ್ಟಲೆ ಬಾಟಲಿ ತುಂಬಿಸುತ್ತಾರೆ, ಆಮೇಲೆ ಅವನು ಒಳಗಿನವರ ಸಾಲಿಗೆ ಸೇರುತ್ತಾನೆ, ಸೊನ್ನೆಯಾಗಿ ಉಳಿಯುವುದಿಲ್ಲ. ಹೊರಗೆ ಮುಖ್ಯಸ್ಥರ ದನಿ ಕೇಳುತ್ತಿತ್ತು. ಹತ್ತಿ ಒತ್ತಿ, ಮೇಲೆ ಅಂಟುಪಟ್ಟಿ ಸುತ್ತಿ, ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ನಿಂತ. "ಇವರೇ ನಮ್ಮ ಸೊನ್ನೆ. ಕಳಂಕವಿಲ್ಲದ ಮನುಷ್ಯ" ಎಂದು ಮುಖ್ಯಸ್ಥರು ಪರಿಚಯ ಮಾಡಿಕೊಟ್ಟರು, ಬಂದವರು ನಕ್ಕು ಕೈ ಚಾಚಿದರು, ಇವನು ಎಡಗೈ ಕೊಟ್ಟ. ಎಡಗೈ ಕೊಟ್ಟ ಎಂದು ಆಮೇಲೆ ಮುಖ್ಯಸ್ಥರು ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಇಷ್ಟು ವರ್ಷ ಅವನಿಗೆ ಆ ದಿನವೆಂದರೆ ನೆನಪಾಗುತ್ತಿದ್ದದ್ದು ಆ ಎಡಗೈಯ ಅವಮಾನ ಮಾತ್ರ. ಗಾಯ ನೆನಪಿಗೇ ಬರುತ್ತಿರಲಿಲ್ಲ. ಮನಸ್ಸು ಎಂಥ ಜಾಣ ಕಳ್ಳ ನೋಡಿ.

ಆಮೇಲೆ ಸೊನ್ನೆ ಮೆಲ್ಲಮೆಲ್ಲಗೆ ಏರತೊಡಗಿದ್ದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಾದಾಗೆಲ್ಲ ಆ್ಯಸಿಡ್ ಸರಿಯಿಲ್ಲ ಎಂದ. ಆ್ಯಸಿಡ್ ಬದಲಾಯಿಸಿದ. ಗಾಜು ಹಳೆಯದಾಯಿತು ಎಂದು ಹೊಸ ಗಾಜು ತರಿಸಿದ. ಎಣಿಕೆಯ ಯಂತ್ರಕ್ಕೆ ವಯಸ್ಸಾಯಿತು ಎಂದು ಮುಖ್ಯಸ್ಥರ ಹತ್ತಿರ ಕೊರಗಿದ. ಎಲ್ಲವನ್ನೂ ಬದಲಾಯಿಸಿ ನೋಡಿದ್ದ, ಮನುಷ್ಯನೊಬ್ಬನನ್ನು ಬಿಟ್ಟು. ಸೊನ್ನೆ ಏರಿದಂತೆಲ್ಲ ಅದನ್ನು ಕಳೆದ ಮೇಲೆ ಕೆಲಸಗಾರರ ಲೆಕ್ಕ ಇಳಿಯುತ್ತ ಬಂತು. ಒಳಗಿನ ಶಿಸ್ತು ಸುಧಾರಿಸಿದೆ ಎಂದು ಮೇಲಿನಿಂದ ಮುಖ್ಯಸ್ಥರಿಗೆ ಶಹಬಾಸ್‌ಗಿರಿ ಬಂತು, ಅವರು ಎಲ್ಲರಿಗೂ ಚಹಾ ಕೊಡಿಸಿದರು. ಕೆಲವರದಂತೂ ಸೊನ್ನೆಗಿಂತ ಕೆಳಗಿಳಿಯಿತು. ಕಾವಲುಗಾರನೊಬ್ಬ, "ನಾನು ಸೊನ್ನೆಯಪ್ಪನಿಗಿಂತ ಶುದ್ಧ ಕಣ್ರೋ" ಎಂದು ಮೀಸೆ ತಿರುವಿಕೊಂಡು ಓಡಾಡಿದ. ಇವನೂ ನಕ್ಕಿದ್ದ. ಹಿಂದೊಮ್ಮೆ ಫಿಟ್ಟರನೊಬ್ಬ ಬಾಟಲಿ ತುಂಬುವ ಬೇಸರಕ್ಕೆ ನೀರುಚಹಾ ತುಂಬಿ ಕೊಟ್ಟಾಗ, ಕುದಿಯುವ ಪಾತ್ರೆಯಿಂದ ಸುಟ್ಟ ಸಕ್ಕರೆಯ ವಾಸನೆ ಬಂದದ್ದನ್ನು ಹಿಡಿದು ಊರೆಲ್ಲ ಡಂಗುರ ಹೊಡೆದವನು ಇವನು. ಬೇರೆಯವರ ಬಾಟಲಿಯ ಮೋಸ ಇವನ ಮೂಗಿಗೆ ಅಷ್ಟು ಬೇಗ ಹತ್ತುತ್ತಿತ್ತು.

ಹುಡುಗಿ ವಿಷಯ ತಿಳಿಸಿದ ಮೇಲೆ ಮುಖ್ಯಸ್ಥರ ಕೋಣೆಯಲ್ಲಿ ಅವನನ್ನು ಕೂರಿಸಿದರು. ಇಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಪಕ್ಕದ ಕೋಣೆಯಿಂದ ಬಾಗಿಲು ಮುಚ್ಚಿದ ಸದ್ದು ಕೇಳಿತು. ಬೇರೆ ದಾರಿ ಕಾಣದೆ ಹುಡುಗಿ ತಾನೇ ಮಂಚದ ಮೇಲೆ ಮಲಗಿ ಸೊನ್ನೆ ಹಿಡಿಯುತ್ತಿದ್ದಳು. ಇಪ್ಪತ್ತೈದರ ಪ್ರಾಯದವಳು ಮಲಗಿದ್ದೇ ತಡ, ಅವನ ಕೆಲಸ ಮುಗಿಯಿತು.

"ಗಾಬರಿ ಬೀಳ್ಬೇಡಿ" ಎಂದರು ಮುಖ್ಯಸ್ಥರು. "ಇರೋದು ಬರೀ ಹೆಬ್ಬೆರಳಿನಲ್ಲಿ. ಒಂದು ಸಣ್ಣ ಚೂರು. ಮುಳ್ಳು ತೆಗೆದ ಹಾಗೆ ತೆಗೆಸಿಬಿಡೋಣ."

"ಅದು ಅಲ್ಲೇ ಕೂತಿರಲ್ಲ ಸಾರ್. ಗಾಯದಿಂದ ರಕ್ತಕ್ಕೆ ಇಳಿಯುತ್ತೆ, ರಕ್ತದಿಂದ ಮೂಳೆಗೂ ಮೂತ್ರಕ್ಕೂ. ನಿಮಗೆ ನಾನು ಹೇಳ್ಬೇಕಾ? ನಾನು ಎಲ್ಲರದರಿಂದ ಕಳೆದಿದ್ದು ಅದನ್ನೇ."

ಮುಖ್ಯಸ್ಥರು ಕಿಟಕಿಯ ಕಡೆ ನೋಡಿದರು. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಬೇಸಗೆಯಲ್ಲಿ ಕೆಲಸಗಾರರಿಗೆ ಮಜ್ಜಿಗೆ ಕೊಡಿಸಬೇಕೆಂದು ಮೇಲಿನವರೊಡನೆ ಜಗಳವಾಡಿದವರು. "ಎಷ್ಟು ಕಳೆದಿದ್ದೀರಿ ಅಂತ ಹೇಳೋಕಾಗುತ್ತಾ?" ಎಂದು ಕೇಳಿದರು.

ಆಗುತ್ತಿರಲಿಲ್ಲ. ಕೆಲಸಗಾರರದೆಲ್ಲ ಒಬ್ಬೊಬ್ಬರ ಲೆಕ್ಕವಾಗಿ ಉಳಿಯುತ್ತಿತ್ತು, ಕಳೆದ ಮೇಲಿನ ಲೆಕ್ಕ. ಸೊನ್ನೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಆಯಾ ತಿಂಗಳು ಕಳೆದಾದ ಮೇಲೆ ಕರಿಹಲಗೆಯಿಂದ ಅವನೇ ಒರೆಸಿಬಿಡುತ್ತಿದ್ದ. "ಇಲ್ಲ ಸಾರ್" ಎಂದ.

"ಮತ್ತೆ? ಲೆಕ್ಕವೇ ಇಲ್ಲದ್ದನ್ನ ಹೇಗೆ ತಿದ್ದೋದು? ಮುಂದಿನ ತಿಂಗಳಿಂದ ನನ್ನ ಡ್ರೈವರಂದು ತಗೊಳ್ಳೋಣ. ಹಳೇ ಹೊಲಸು ಕೆದಕಿದ್ರೆ ನಾತ ಬರೋದು ನಮ್ಮ ಮೂಗಿಗೇ."

"ಸೋಮವಾರ ವೆಲ್ಡರ್ ಟ್ಯಾಂಕಿಗೆ ಇಳೀತಾನೆ ಸಾರ್."

"ನಿಮ್ಮ ಭಾವಮೈದ ಅಂತ ಹೇಳ್ತಿದ್ದೀರಾ?"

ಹೌದು ಎಂದರೆ ಸ್ವಾರ್ಥಿ, ಅಲ್ಲ ಎಂದರೆ ಸುಳ್ಳ. ವಿಷದ್ರಾವಣ ಬಸಿದು ಖಾಲಿ ಮಾಡಿದ ಟ್ಯಾಂಕಿನ ಒಳಗೆ, ತಳದಲ್ಲಿ, ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಮೈಯೊಳಗೆ ಇಷ್ಟರ ಮೇಲೆ ಇರಬಾರದು ಎಂಬ ಗೆರೆಯೊಂದಿದೆ; ಗೆರೆಯ ಕೆಳಗಿದ್ದವರು ಮಾತ್ರ ಇಳಿಯಬಹುದು. ವೆಲ್ಡರನದು ಗೆರೆಗೆ ತಾಗಿಯೂ ತಾಗದಂತೆ ಇತ್ತು, ಎಂದರೆ ಸೊನ್ನೆಯನ್ನು ಕಳೆದ ಮೇಲೆ. ಆ ಸುದ್ದಿಯನ್ನು ಮನೆಗೆ ಒಯ್ದು ಹೇಳಿದವನೂ ಇವನೇ. "ಅವನ್ನ ಬಿಡಿಸಿದ್ರೆ ಯಾಕೆ ಅಂತ ಉಳಿದೋರು ಕೇಳ್ತಾರೆ" ಎಂದರು ಮುಖ್ಯಸ್ಥರು, ಮೆತ್ತಗೆ. "ಆ ಜಾಗದಲ್ಲಿ ಬೆಸುಗೆ ಹಾಕೋ ಕೈ ಅವನದೊಂದೇ. ಇದೊಂದು ಸಲ ಆಗಿಹೋಗ್ಲಿ." ಕಪಾಟಿನಿಂದ ಒಂದು ಖಾಲಿ ಬಾಟಲಿ ತೆಗೆದು ಅವನ ಮುಂದಿಟ್ಟರು. ಬಾಟಲಿಯ ಮೇಲೆ, ಕೆಲಸಗಾರರ ಬಾಟಲಿಗಿರುವ ಹಾಗೆ, ಚೀಟಿ ಅಂಟಿಸಿ ಒಂದು ನಂಬರು ಬರೆದಿತ್ತು. ಅವನ ಬಾಟಲಿಗೆ ಇದುವರೆಗೆ ನಂಬರು ಇರಲಿಲ್ಲ.

ಬಸ್ಸಿನಲ್ಲಿ ಪಾಳಿ ಮುಗಿಸಿದವರ ಗದ್ದಲ. "ಏನ್ ಸೊನ್ನೆಯಪ್ಪಾ, ಉಕ್ಕಿನ ಪೆಟ್ಟಿಗೇಲಿ ನಿದ್ದೆ ಬಂತಾ?" ಎಂದು ಯಾರೋ ಕೂಗಿದರು. "ಪೆಟ್ಟಿಗೆಗೆ ಹಾಕಿದ್ಮೇಲೂ ವಾಪಸ್ ಬಂದೋನು ಇವನೊಬ್ನೇ" ಎಂದು ಇನ್ನೊಬ್ಬ. ಎಲ್ಲರೂ ನಕ್ಕರು, ಅವನೂ ಹಲ್ಲು ಬಿಟ್ಟ. ಬಾಟಲಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯನ್ನು ಅದರ ಕೆಳಗೆ ತೂರಿಸಿದ್ದ. ಅದು ಚರ್ಮದ ಒಳಗೆ ಕೂತಿದೆ, ಮುಟ್ಟಿದವರಿಗೆ ಅಂಟುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಪಕ್ಕದಲ್ಲಿ ಕೂತವನ ಮೊಣಕೈ ತಾಗಿದಾಗ ಸರಿದು ಕೂತ. ಈ ಹೆಬ್ಬೆರಳಿನಿಂದ ಏನೇನು ಮುಟ್ಟಿದ್ದೇನೆ ಎಂದು ಮನಸ್ಸು ಎಣಿಸುತ್ತಿತ್ತು. ಜ್ವರ ಬಂದಾಗ ಭಾವಮೈದನ ಹಣೆ. ಹೆಂಡತಿಯ ಕಣ್ಣಿಗೆ ಬಿದ್ದ ಕಸ ತೆಗೆದದ್ದು. ಮುಂದಿನ ಸೀಟಿನಲ್ಲಿ ಮೊದಲೆಲ್ಲ ಕ್ರೇನಿನವನು ಕೂರುತ್ತಿದ್ದ. ಕ್ರೇನ್ ನಡೆಸುತ್ತಿದ್ದ ಆ ಮನುಷ್ಯ ಮೂಳೆಯ ಬೇನೆಯಲ್ಲಿ ನರಳಿ ನರಳಿ ಸತ್ತ. ಸತ್ತ ಮೇಲೆ ಅವನ ಹೆಂಡತಿ ಕಚೇರಿಯವರನ್ನು ಕೇಳದೆ, ನೇರ ಇವನ ಮನೆಗೇ ಬಂದಿದ್ದಳು. ಕೂರು ಎಂದರೂ ಕೂರದೆ ಹೊಸ್ತಿಲಲ್ಲೇ ನಿಂತು, "ಅಣ್ಣಾ, ನಿಮಗೆ ಗೊತ್ತಿರುತ್ತೆ. ಇದು ಕೆಲಸದಿಂದ ಬಂದಿದ್ದಾ?" ಎಂದು ಕೇಳಿದ್ದಳು. "ಇಲ್ಲಮ್ಮ. ಅವನದು ಯಾವಾಗಲೂ ಗೆರೆ ಕೆಳಗೇ ಇತ್ತು. ಸುಮ್ಮನೆ ಮನಸ್ಸು ಕೆಡಿಸ್ಕೋಬೇಡ" ಎಂದಿದ್ದ. ಅವಳು ಕೈ ಮುಗಿದು, ನೀವು ಹೇಳಿದ ಮೇಲೆ ಆಯ್ತಣ್ಣ ಎಂದು ಹೋದಳು. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು, ನೊಂದವಳಿಗೆ ಒಂದು ಸಮಾಧಾನದ ಮಾತು ಹೇಳಿದೆನಲ್ಲ ಎಂದು.

ಬಸ್ಸು ತಿರುವಿನಲ್ಲಿ ವಾಲಿತು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದ್ಯಾವುದೂ ಇರಲಿಲ್ಲ. ಒಳಗಿನಿಂದ ಬಂದವನ ಮೂಗಿಗೆ ಕಾಗದದ ಸುರುಳಿ ತೂರಿಸಿ ಸೀನಿಸುತ್ತಿದ್ದರು. ಕೈಯಂತ್ರದ ಕೆಳಗೆ ಸುರುಳಿ ಟಿಕ್ ಎಂದರೆ ಅವನು ಕುಡಿದವನ ಹಾಗೆ ತಲೆತಗ್ಗಿಸಿ ಪಕ್ಕಕ್ಕೆ ನಿಲ್ಲುತ್ತಿದ್ದ. ಆಮೇಲೆ ಬಾಟಲಿ ಬಂತು. ಮೊದಲು ಅದನ್ನು ಎಣಿಸುವಷ್ಟು ಸೂಕ್ಷ್ಮ ಯಂತ್ರವಿರಲಿಲ್ಲ. ತಟ್ಟೆಗೆ ಫಿಲ್ಮು ಒತ್ತಿಟ್ಟು, ವಾರಗಟ್ಟಲೆ ಕತ್ತಲಲ್ಲಿ ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, ಲೋಹ ಗೀರಿದ ಸಣ್ಣ ಸಣ್ಣ ಗೆರೆಗಳನ್ನು ಒಂದೊಂದಾಗಿ ಎಣಿಸಬೇಕಿತ್ತು. ಕಣ್ಣು ಹಾಳಾದದ್ದು ಆಗಲೇ. ಒಂದೊಂದು ಹೊಸ ಉಪಾಯ ಬಂದಾಗಲೂ ಹಿಂದಿನದರಲ್ಲಿ ಎಷ್ಟೋ ತಪ್ಪಿಸಿಕೊಂಡಿತ್ತು ಎಂದು ಗೊತ್ತಾಗುತ್ತಿತ್ತು, ಗೊತ್ತಾದದ್ದನ್ನು ಹಿಂದಿನವರಿಗೆ ಯಾರೂ ಹೋಗಿ ಹೇಳುತ್ತಿರಲಿಲ್ಲ. ಆಗ ಅವನು ಮುಖ್ಯಸ್ಥರನ್ನು ಕೇಳಿದ್ದುಂಟು, ಸಾರ್ ಮೂಗಿನ ಕಾಗದದ ಕಾಲದವರಿಗೆ ಹೇಳಬೇಡವೇ ಎಂದು. ಹೇಳಿ ಏನು ಮಾಡುತ್ತಿ ಎಂದಿದ್ದರು. ನಿಜ, ಏನು ಮಾಡುವುದು, ಎಂದು ಇವನೂ ಒಪ್ಪಿಕೊಂಡಿದ್ದ. ಒಪ್ಪಿಕೊಳ್ಳುವುದು ಎಷ್ಟು ಸಲೀಸು, ಮೈ ತನ್ನದಲ್ಲದಾಗ.

ಮನೆಯಲ್ಲಿ ಇನ್ನೂ ಸಂಜೆಯ ಬೆಳಕಿತ್ತು. ಅಡಿಗೆಮನೆಯ ಬಾಗಿಲ ಹತ್ತಿರ ವೆಲ್ಡರ್ ಮಣೆಯ ಮೇಲೆ ಕೂತು, ಸೋಮವಾರಕ್ಕೆಂದು ತನ್ನ ಮುಖವಾಡದ ಕರಿಗಾಜನ್ನು ಉಸಿರು ಬಿಟ್ಟು ಬಿಟ್ಟು ಒರೆಸುತ್ತಿದ್ದ. ತಾಯಿ ಸತ್ತ ಮೇಲೆ ಅಕ್ಕನ ಸೆರಗು ಹಿಡಿದು ಈ ಮನೆಗೆ ಬಂದವನು ಅವನು. ಹೆಂಡತಿಯ ಜೊತೆ ಬಂದ ಬಳುವಳಿ ಎಂದು ನೆಂಟರು ನಗುತ್ತಿದ್ದರು. ಮಕ್ಕಳಾಗದ ಮನೆಯಲ್ಲಿ ಬಳುವಳಿಯೇ ಮಗನಾಯಿತು. ಸ್ಥಾವರಕ್ಕೆ ಸೇರಿಸಿದ್ದು ಸೊನ್ನೆಯಪ್ಪನೇ, ನಾನಿದ್ದೀನಲ್ಲ ನೋಡ್ಕೋತೀನಿ ಎಂದು ಹೆಂಡತಿಗೆ ಮಾತು ಕೊಟ್ಟು.

"ಬಂದ್ರಾ ಸೊನ್ನೆಯಪ್ನೋರು! ಯಂತ್ರ ಏನಂತು ಭಾವ, ಪಾಸಾ ಫೇಲಾ?"

"ಇವರು ಫೇಲಾದ್ರೆ ಊರಿಗೂರೇ ಫೇಲು ಕಣೋ" ಎಂದಳು ಹೆಂಡತಿ ಒಲೆಯ ಹತ್ತಿರದಿಂದ.

ಅವನು ಚೀಲವನ್ನು ಕೆಳಗಿಟ್ಟ. ಚಪ್ಪಲಿ ಬಿಚ್ಚಲು ಮರೆತಿದ್ದ. ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತೆಲ್ಲ ಬಸ್ಸಿನಲ್ಲೇ ಉಳಿದುಹೋಗಿತ್ತು. "ಸೋಮವಾರ ನೀನು ಟ್ಯಾಂಕಿಗೆ ಇಳೀಬೇಡ" ಎಂದ.

"ಯಾಕೆ? ಗೆರೆ ಕೆಳಗಿದ್ದೀಯ ಅಂತ ನೀನೇ ತಾನೇ ಹೇಳಿದ್ದು?"

"ಆ ಲೆಕ್ಕ ತಪ್ಪು. ಎಲ್ಲರದ್ದೂ ತಪ್ಪು." ಹೆಬ್ಬೆರಳನ್ನು ಮುಂದೆ ಚಾಚಿದ. ಮಗ್ಗಿ ಒಪ್ಪಿಸುವವನ ಹಾಗೆ ಒಂದೇ ಉಸಿರಿಗೆ ಹೇಳಿದ: ತೊಟ್ಟಿ, ಗಾಜು, ಜೇಬಿನಲ್ಲಿಟ್ಟ ಕೈ, ಏರಿದ ಸೊನ್ನೆ, ಇವತ್ತಿನ ಸೀಸದ ಹಾಳೆ. ವೆಲ್ಡರ್ ಮೊದಮೊದಲು ನಗುತ್ತಿದ್ದ, ಭಾವ ಎಲ್ಲೋ ತಮಾಷೆಗೆ ತಂದು ಮುಟ್ಟಿಸುತ್ತಾನೆ ಎಂದು. ಆಮೇಲೆ ನಗು ಹಾಗೆಯೇ ಮುಖದ ಮೇಲೆ ನಿಂತುಬಿಟ್ಟಿತು, ತೆಗೆಯುವುದು ಮರೆತವನಂತೆ.

"ಅಂದ್ರೆ, ನನ್ನ ಮೈಯಲ್ಲಿರೋದರಿಂದ ನಿನ್ನ ಮೈಯಲ್ಲಿರೋದನ್ನ ಕಳೀತಾ ಇದ್ದೆ."

"ಹೂಂ."

"ಕಳೀದೆ ಇದ್ರೆ ನಂದು ಎಷ್ಟು?"

ಜೀವಮಾನವೆಲ್ಲ ಈ ಪ್ರಶ್ನೆಗೇ ಉತ್ತರ ಹೇಳಿದವನು ಅವನು. ಕೇಳಿದವರಿಗೆಲ್ಲ ದಶಾಂಶದ ಚುಕ್ಕಿ ಸಮೇತ ಹೇಳಿದ್ದ. "ಗೊತ್ತಿಲ್ಲ" ಎಂದ. "ಸೊನ್ನೆ ಎಷ್ಟಿತ್ತು ಅಂತ ಇಟ್ಟಿಲ್ಲ. ಒರೆಸಿಬಿಡ್ತಿದ್ದೆ."

"ಬೇಲಿನೇ ಎದ್ದು ಹೊಲ ಮೇಯ್ತಲ್ರೀ" ಎಂದಳು ಹೆಂಡತಿ. ಬೈಗುಳವಾಗಿ ಹೊರಟದ್ದು ಅರ್ಧಕ್ಕೇ ಒಡೆಯಿತು. ಒಲೆ ಆರಿಸಿ ಬಂದು ಅವನ ಬಲಗೈಯನ್ನು ಎಳೆದುಕೊಂಡು, ಬೆಳಕಿಗೆ ಹಿಡಿದು, ಆ ಅಕ್ಕಿಕಾಳನ್ನು ನೋಡಿದಳು. ಸಾವಿರ ಸಲ ನೋಡಿದ್ದನ್ನೇ ನೋಡಿದಳು. "ನೋಯುತ್ತಾ?" ಎಂದಳು. ಅವನಿಗೆ ತಡೆಯಲಾಗಲಿಲ್ಲ. ಬೆಳಗಿನಿಂದ ಯಾರೂ ಕೇಳಿರಲಿಲ್ಲ ಅದನ್ನು. ಐವತ್ತು ದಾಟಿದ ಗಂಡಸು ಚಪ್ಪಲಿ ಕಾಲಲ್ಲೇ ಅಡಿಗೆಮನೆಯ ನಡುವೆ ನಿಂತು ಗಳಗಳ ಅತ್ತ. ಅವಳು ಕೈ ಬಿಡಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ವೆಲ್ಡರ್ ಕರಿಗಾಜನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟ. "ಕ್ರೇನಣ್ಣನ ಹೆಂಡ್ತಿ ಈ ಹೊಸ್ತಿಲಲ್ಲೇ ನಿಂತಿದ್ಲು" ಎಂದ. "ನಾನು ಒಳಗಿದ್ದೆ. ಕೇಳಿಸ್ಕೊಂಡೆ. ನೀನು ಹೇಳಿದ ಮೇಲೆ ನಾನೂ ನಂಬಿದೆ."

"ನಾನೂ ನಂಬಿದ್ದೆ ಕಣೋ."

"ನಿನಗೆ ನಂಬ್ಕೊಳ್ಳೋದು ಬೇಕಾಗಿತ್ತು ಭಾವ. ನಮಗೆ ಬೇರೆ ದಾರಿ ಇರ್ಲಿಲ್ಲ."

ವೆಲ್ಡರ್ ಎದ್ದು ನಿಂತ. ಹೊಡೆಯುತ್ತಾನೇನೋ ಎನಿಸಿತು, ಹೊಡೆದರೆ ಒಳ್ಳೆಯದೆಂದೂ ಅನಿಸಿತು. ಅವನು ಬಗ್ಗಿ, ಚೀಲದಿಂದ ಬಾಟಲಿ ತೆಗೆದು, ನಂಬರನ್ನು ನೋಡಿ, "ಇದು ಯಾರ್ದು?" ಎಂದ.

"ನಂದು. ಇವತ್ತು ಕೊಟ್ರು."

ವೆಲ್ಡರ್ ಬಾಟಲಿ ಹಿಡಿದುಕೊಂಡು ಬಚ್ಚಲಿಗೆ ಹೊರಟ. "ಹಾಗಲ್ಲ ಕಣೋ, ಎರಡು ದಿನ ರಜೆ ಇರ್ಬೇಕು, ಕೈ ತೊಳೆದು, ಇಡೀ ದಿನದ್ದು..." ಎಂದು ಇವನ ಬಾಯಿ ತಾನಾಗಿ ಶುರುಮಾಡಿತು. ಮೂರು ದಶಕದ ಬಾಯಿ. ವೆಲ್ಡರ್ ತಿರುಗಿ ನೋಡಿದ; ಬಾಯಿ ನಿಂತಿತು. ಬಚ್ಚಲ ಬಾಗಿಲು ಹಾಕಿಕೊಂಡ ಸದ್ದಾಯಿತು. ಗಂಡಹೆಂಡಿರಿಬ್ಬರೂ ಆ ಬಾಗಿಲನ್ನೇ ನೋಡುತ್ತ ನಿಂತರು. ಒಳಗಿನ ಸದ್ದು ಸಣ್ಣ ಮನೆಯಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಏನಾದರೂ ಹೇಳಿ ನಗಿಸುತ್ತಿದ್ದಳು.

ಹೊರಗೆ ಬಂದ ವೆಲ್ಡರ್ ಮುಚ್ಚಳ ಬಿಗಿಮಾಡಿ, ನಂಬರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತುಹಾಕಿ, ಬಾಟಲಿಯನ್ನು ಚಾಚಿದ. "ಸೋಮವಾರ ನಾನು ಇಳಿಯಲ್ಲ. ಗೇಟಿನ ಹತ್ರ ನಿಲ್ತೀನಿ. ಒಳಗೆ ಹೋಗೋರೆಲ್ಲ ಅಲ್ಲೇ ಹಾದು ಹೋಗ್ಬೇಕು. ನೀನೂ ಬರ್ಬೇಕು ಭಾವ. ಈಗ ನಮಗೆ ಹೇಳಿದ್ಯಲ್ಲ, ಹಾಗೇ ಅವರಿಗೂ ನೀನೇ ಬಾಯಿಬಿಟ್ಟು ಹೇಳ್ಬೇಕು. ನಾನು ಹೇಳಲ್ಲ."

"ನಗ್ತಾರೆ ಮೊದಲು" ಎಂದ ಸೊನ್ನೆಯಪ್ಪ.

"ನಗ್ಲಿ. ನಾನೂ ನಕ್ಕೆ."

"ಕ್ರೇನಿನವನ ಹೆಂಡ್ತಿ ಗೇಟಿಗೆ ಬರಲ್ಲ" ಎಂದಳು ಹೆಂಡತಿ. "ಅವಳ ಮನೆಗೆ ಹೋಗ್ಬೇಕು. ನಾನೂ ಬರ್ತೀನಿ."

ಅವನು ತಲೆಯಾಡಿಸಿದ. ಗೇಟು ಕಣ್ಣ ಮುಂದೆ ಬಂತು, ಬಸ್ಸಿನಲ್ಲಿ ನಕ್ಕ ಮುಖಗಳೆಲ್ಲ ಒಂದೊಂದಾಗಿ ಬಂದವು. ವೆಲ್ಡರ್ ಇನ್ನೂ ಬಾಟಲಿ ಚಾ‌ಚಿಕೊಂಡೇ ನಿಂತಿದ್ದ.

"ತಗೋ. ಇದರಲ್ಲಿ ಎಷ್ಟಿದ್ಯೋ ಅಷ್ಟನ್ನೂ ಹೇಳು. ಯಾರದ್ದನ್ನೂ ಕಳೀಬೇಡ."

ಸೊನ್ನೆಯಪ್ಪ ಎರಡೂ ಕೈ ಒಡ್ಡಿ ತೆಗೆದುಕೊಂಡ. ಇಷ್ಟು ವರ್ಷ ಅವನ ಮೇಜಿಗೆ ಬಂದ ಬಾಟಲಿಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿ ಕೂತು ತಣ್ಣಗಾಗಿಯೇ ಬರುತ್ತಿದ್ದವು. ಇದು ಬೆಚ್ಚಗಿತ್ತು.